ಬಿದಿರಿನ ಮುಂದೆ ಕುಳಿತವನು

ಪ್ರಿಲಿಮ್ಸ್ ಫಲಿತಾಂಶ ಬಂದ ಸಂಜೆ ನಾನು ಪಿಜಿಯ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಕುಳಿತಿದ್ದೆ. ಅದು ನನ್ನ ಎರಡನೇ ಪ್ರಯತ್ನ. ಮೊಬೈಲಿನಲ್ಲಿ ಪಿಡಿಎಫ್ ತೆರೆದು ನನ್ನ ನಂಬರನ್ನು ಮೂರು ಸಲ ಹುಡುಕಿದ್ದೆ. ಇರಲಿಲ್ಲ. ಊರಿಗೆ ಫೋನ್ ಮಾಡಿ ಹೇಳುವುದಕ್ಕಿಂತ, ಕೆಳಗೆ ರೂಮಿನಲ್ಲಿ ಪಾಸಾಗಿ ಕುಳಿತಿದ್ದ ಗೆಳೆಯನ ಎದುರು ಹೋಗಿ ನಿಲ್ಲುವುದೇ ಆಗ ದೊಡ್ಡ ಕಷ್ಟವಾಗಿ ಕಂಡಿತ್ತು. ಅವನು ಊಟಕ್ಕೆ ಕರೆಯಲು ಮೇಲೆ ಬಂದಾಗ ಹಸಿವಿಲ್ಲ ಎಂದು ಸುಳ್ಳು ಹೇಳಿದೆ.

ಒಂದು ವಾರ ಕಳೆದು, ಮುಂದಿನ ಪ್ರಯತ್ನಕ್ಕೆಂದು ನೀತಿಶಾಸ್ತ್ರದ ಪತ್ರಿಕೆಯ ನೋಟ್ಸ್ ತಿರುವುತ್ತಿದ್ದಾಗ ವಾಂಗ್ ಯಾಂಗ್‌ಮಿಂಗ್ ಎಂಬ ಹೆಸರು ಎದುರಾಯಿತು. ನೋಟ್ಸಿನಲ್ಲಿ ಅವನಿಗೆ ಸಿಕ್ಕಿದ್ದ ಜಾಗ ಎರಡೇ ಸಾಲು: ಚೀನಾದ ಮಿಂಗ್ ಕಾಲದ ಚಿಂತಕ, ಕನ್‌ಫ್ಯೂಷಿಯಸ್ ಪರಂಪರೆಯವನು, ಅರಿವು ಮತ್ತು ನಡೆ ಒಂದೇ ಎಂದವನು. ಇಂಥ ಎರಡು ಸಾಲುಗಳನ್ನು ನಾವು ನೂರಾರು ಉರು ಹೊಡೆದಿರುತ್ತೇವೆ. ಆದರೆ ಲೈಬ್ರರಿಯಲ್ಲಿ ಚೀನಾದ ತತ್ವಶಾಸ್ತ್ರದ ಒಂದು ಹಳೆಯ ಪುಸ್ತಕ ಸಿಕ್ಕಿ, ಅವನ ಬದುಕಿನ ಅಧ್ಯಾಯ ತೆರೆದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ತತ್ವವಲ್ಲ. ಅವನೂ ಎರಡು ಬಾರಿ ಫೇಲಾಗಿದ್ದ ಎನ್ನುವ ಸಂಗತಿ.

ವಾಂಗ್ ಹುಟ್ಟಿದ್ದು 1472ರಲ್ಲಿ, ಪೂರ್ವ ಚೀನಾದ ಜೆಜಿಯಾಂಗ್ ಪ್ರಾಂತ್ಯದ ಯುಯಾವೊ ಎಂಬ ಊರಿನಲ್ಲಿ. ಮಗು ಮೋಡದ ಮೇಲೆ ಬಂದಂತೆ ಅಜ್ಜಿಗೆ ಕನಸು ಬಿದ್ದಿತ್ತೆಂದು ಮೊದಲು ಮೋಡ ಎಂಬ ಅರ್ಥದ ಹೆಸರಿಟ್ಟಿದ್ದರು. ಐದು ವರ್ಷವಾದರೂ ಹುಡುಗ ಮಾತಾಡಲಿಲ್ಲ. ಅಜ್ಜ ಹೆಸರು ಬದಲಿಸಿ ಶೌರೆನ್ ಎಂದು ಕರೆದ ಮೇಲೆ ಮಾತು ಬಂತು ಎಂದು ಶಿಷ್ಯರು ಬರೆದ ಚರಿತ್ರೆಯಲ್ಲಿದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಯಾಂಗ್‌ಮಿಂಗ್ ಎನ್ನುವುದು ಮುಂದೆ ಅವನಿಗೆ ಬಂದ ಹೆಸರು.

ಅಪ್ಪ ವಾಂಗ್ ಹುವಾ 1481ರ ಅರಮನೆ ಪರೀಕ್ಷೆಯಲ್ಲಿ ಇಡೀ ಸಾಮ್ರಾಜ್ಯಕ್ಕೇ ಮೊದಲಿಗನಾದವನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಲ್ ಇಂಡಿಯಾ ಫಸ್ಟ್ ರ‍್ಯಾಂಕ್. ಅಂಥ ಮನೆಯಲ್ಲಿ ಬೆಳೆಯುವ ಹುಡುಗನ ಪಾಡು ಹೇಗಿದ್ದೀತು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಹುಡುಗ ಬೇರೆಯೇ ಜಾತಿಯವನು. ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು ಎಂದು ಮೇಷ್ಟ್ರನ್ನು ಕೇಳಿದ. ಓದಿ ಪರೀಕ್ಷೆ ಪಾಸು ಮಾಡುವುದು ಎಂದು ಅವರು ಹೇಳಿದ್ದಕ್ಕೆ, ತನಗೇಕೋ ಅದು ಅನುಮಾನ, ಓದಿ ಜ್ಞಾನಿಯಾಗುವುದೇ ಮೊದಲ ಕೆಲಸವಿರಬೇಕು ಎಂದ. ವಿಷಯ ತಿಳಿದು ಅಪ್ಪ ನಕ್ಕುಬಿಟ್ಟ.

ಆ ಕಾಲದ ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳಬೇಕು. ಪ್ರಾಂತ್ಯ, ರಾಜಧಾನಿ, ಕೊನೆಗೆ ಅರಮನೆ ಹೀಗೆ ಹಂತ ಹಂತವಾಗಿ ನಡೆಯುತ್ತಿತ್ತು. ಸಿಲಬಸ್ ಎಂದರೆ ಕನ್‌ಫ್ಯೂಷಿಯಸ್ ಮತ್ತು ಮೆನ್ಶಿಯಸ್ ಪರಂಪರೆಯ ಗ್ರಂಥಗಳು. ಅವುಗಳಿಗೆ ಹನ್ನೆರಡನೇ ಶತಮಾನದ ಜು ಶಿ ಬರೆದ ವ್ಯಾಖ್ಯಾನವೇ ಅಧಿಕೃತ. ಈ ಗ್ರಂಥಗಳು ಮುಖ್ಯವಾಗಿ ಅಪ್ಪ-ಮಗ, ಅಣ್ಣ-ತಮ್ಮ, ದೊರೆ-ಪ್ರಜೆಯರ ಸಂಬಂಧದ ಬಗ್ಗೆ ಮಾತಾಡುತ್ತವೆ. ಹಾಗಾಗಿ ಕನ್‌ಫ್ಯೂಷಿಯಸ್ ಚಿಂತನೆಯಲ್ಲಿ ಮರಗಿಡಕ್ಕೆ, ಮೂಕಪ್ರಾಣಿಗೆ ಜಾಗವಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅದು ತಪ್ಪು. ಕನ್‌ಫ್ಯೂಷಿಯಸ್ ಗಾಳದಿಂದ ಮೀನು ಹಿಡಿಯುತ್ತಿದ್ದನೇ ಹೊರತು ಬಲೆ ಬೀಸುತ್ತಿರಲಿಲ್ಲ, ಗೂಡು ಸೇರಿ ಕುಳಿತ ಹಕ್ಕಿಗೆ ಬಾಣ ಬಿಡುತ್ತಿರಲಿಲ್ಲ ಎಂದು ಅವನ ಶಿಷ್ಯರು ದಾಖಲಿಸಿದ್ದಾರೆ. ಮೆನ್ಶಿಯಸ್ ಒಂದು ಬೋಳುಗುಡ್ಡದ ಕಥೆ ಹೇಳುತ್ತಾನೆ. ದೊಡ್ಡ ಪಟ್ಟಣದ ಪಕ್ಕದಲ್ಲಿದ್ದ ಹಸಿರು ಗುಡ್ಡ ಅದು. ಜನ ಕೊಡಲಿ ಹಾಕಿದರು, ಚಿಗುರಿದ್ದನ್ನು ದನ ಮೇಯ್ದವು, ಕೊನೆಗೆ ಅಲ್ಲಿ ಮರವೇ ಇರಲಿಲ್ಲವೇನೋ ಎನ್ನುವಂತಾಯಿತು. ಮನುಷ್ಯನೊಳಗಿನ ಒಳ್ಳೆಯತನದ ಗತಿಯೂ ಇದೇ ಎನ್ನುವುದು ಅವನ ವಾದ. ಜು ಶಿಯಂತೂ ಹುಲ್ಲುಕಡ್ಡಿಯಲ್ಲೂ ಒಂದು ತತ್ವವಿದೆ, ವಸ್ತುಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ಹೋದರೆ ಅರಿವು ತೆರೆಯುತ್ತದೆ ಎಂದು ಕಲಿಸಿದ.

ಎಲ್ಲ ಅಭ್ಯರ್ಥಿಗಳೂ ಇದನ್ನು ಓದಿದರು, ಬರೆದರು, ಅಂಕ ತೆಗೆದರು. ಇಪ್ಪತ್ತರ ಆಸುಪಾಸಿನಲ್ಲಿದ್ದ ವಾಂಗ್ ಮಾತ್ರ ಅದನ್ನು ಮಾಡಿ ನೋಡಲು ಹೊರಟ. ಬೀಜಿಂಗ್‌ನಲ್ಲಿ ಅಪ್ಪನ ಸರ್ಕಾರಿ ನಿವಾಸದಲ್ಲಿ ಬಿದಿರು ಬೆಳೆದಿತ್ತು. ಚಿಯೆನ್ ಎಂಬ ಗೆಳೆಯನನ್ನು ಅದರ ಮುಂದೆ ಕೂರಿಸಿ, ಬಿದಿರಿನ ತತ್ವವನ್ನು ಕಂಡುಹಿಡಿ ಎಂದ. ಗೆಳೆಯ ಹಗಲೂ ರಾತ್ರಿ ನೋಡಿ ನೋಡಿ ಮೂರನೇ ದಿನ ಕಾಯಿಲೆ ಬಿದ್ದ. ಅವನಿಗೆ ಶಕ್ತಿ ಸಾಲದು ಎಂದುಕೊಂಡು ವಾಂಗ್ ತಾನೇ ಕುಳಿತ. ಏಳನೇ ದಿನ ಅವನೂ ಹಾಸಿಗೆ ಹಿಡಿದ. ಜ್ಞಾನಿಯಾಗುವುದು ನಮ್ಮಂಥವರಿಂದ ಆಗುವ ಕೆಲಸವಲ್ಲ ಎಂದು ಇಬ್ಬರೂ ನಿಟ್ಟುಸಿರು ಬಿಟ್ಟರು.

ಮೊದಲ ಸಲ ಓದಿದಾಗ ಲೈಬ್ರರಿಯಲ್ಲಿ ಒಬ್ಬನೇ ನಕ್ಕೆ. ಆಮೇಲೆ ನಗು ನಿಂತಿತು. ಅವನು ಬಿದಿರನ್ನು ನೋಡಿದ್ದು ಪ್ರಶ್ನೆಪತ್ರಿಕೆಯಂತೆ. ಅದರೊಳಗೆಲ್ಲೋ ಒಂದು ಉತ್ತರ ಬಚ್ಚಿಟ್ಟಿದೆ, ತಾನದನ್ನು ಹೊರಗೆಳೆಯಬೇಕು ಎಂಬ ಹಟ. ಐದು ವರ್ಷದಿಂದ ನಾನು ಪ್ರಪಂಚವನ್ನು ನೋಡುತ್ತಿರುವುದೂ ಹಾಗೆಯೇ. ಪ್ರವಾಹ ಬಂದರೆ ಅದೊಂದು ಸಂಭವನೀಯ ಪ್ರಶ್ನೆ. ಕಾಡು ಹೊತ್ತಿ ಉರಿದರೆ ಕಾರಣ, ಪರಿಣಾಮ, ಪರಿಹಾರ.

1492ರಲ್ಲಿ ವಾಂಗ್ ಪ್ರಾಂತ್ಯದ ಪರೀಕ್ಷೆ ಪಾಸಾದ. 1493ರಲ್ಲಿ ರಾಜಧಾನಿಯ ಪರೀಕ್ಷೆಯಲ್ಲಿ ಫೇಲು. 1496ರಲ್ಲಿ ಮತ್ತೆ ಫೇಲು. ಜೊತೆಯಲ್ಲಿ ಉಳಿದುಕೊಂಡಿದ್ದವನೊಬ್ಬ ಅದೇ ಫಲಿತಾಂಶಕ್ಕೆ ಅವಮಾನದಿಂದ ಕುಗ್ಗಿಹೋಗಿದ್ದ. ಫೇಲಾಗುವುದನ್ನು ಲೋಕ ನಾಚಿಕೆ ಎನ್ನುತ್ತದೆ, ಫೇಲಾದದ್ದಕ್ಕೆ ಮನಸ್ಸು ಕಲಕಿಹೋದರೆ ತಾನು ಅದನ್ನು ನಾಚಿಕೆ ಎನ್ನುತ್ತೇನೆ ಎಂಬ ಅರ್ಥದ ಮಾತಾಡಿ ವಾಂಗ್ ಅವನನ್ನು ಸಮಾಧಾನಪಡಿಸಿದ. ಟ್ಯಾಂಕಿನ ಹಿಂದೆ ಕುಳಿತಿದ್ದ ನನಗೆ ಆ ಸಂಜೆಯೇ ಇದು ಗೊತ್ತಿದ್ದರೆ ಊಟವನ್ನಾದರೂ ಮಾಡುತ್ತಿದ್ದೆ. ಮೂರನೇ ಪ್ರಯತ್ನದಲ್ಲಿ, 1499ರಲ್ಲಿ ಅವನು ಪಾಸಾದ.

ನೌಕರಿಯ ಮೊದಲ ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಕಾಮಗಾರಿ ಇಲಾಖೆ, ನ್ಯಾಯ ಇಲಾಖೆ, ಕೆಟ್ಟ ಆರೋಗ್ಯ. 1502ರಲ್ಲಿ ರಜೆ ಹಾಕಿ ಊರ ಕಡೆಗೆ ಬಂದು ಯಾಂಗ್‌ಮಿಂಗ್ ಎಂಬ ಗವಿಯ ಬಳಿ ಇದ್ದ. ಅವನಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ. ಎಲ್ಲ ಬಿಟ್ಟು ಸನ್ಯಾಸಿಯಂತಾಗಬೇಕು ಎಂದು ಯೋಚಿಸಿದ. ಆದರೆ ಅಜ್ಜಿ ಮತ್ತು ಅಪ್ಪನ ಮೇಲಿನ ಮಮತೆ ಹೋಗಲಿಲ್ಲ. ಆ ಮಮತೆ ಕಿತ್ತುಹಾಕಬೇಕಾದ ಕಳೆಯಲ್ಲ, ಮನುಷ್ಯನ ಬೇರೇ ಅದು ಎಂದು ಅವನಿಗೆ ಅನ್ನಿಸಿತು. ಮುಂದೆ ಹುಲ್ಲು, ಕಲ್ಲುಗಳವರೆಗೆ ಹಬ್ಬಿದ ಅವನ ಪ್ರೀತಿ ಶುರುವಾಗುವುದು ಈ ಅಜ್ಜಿಯಿಂದ ಎನ್ನುವುದನ್ನು ನೆನಪಿಟ್ಟುಕೊಳ್ಳಬೇಕು.

1506ರಲ್ಲಿ ಅರಮನೆಯ ಅಧಿಕಾರವೆಲ್ಲ ಲಿಯು ಜಿನ್ ಎಂಬ ಖೋಜಾನ ಕೈಯಲ್ಲಿತ್ತು. ಅವನನ್ನು ಟೀಕಿಸಿದ ಅಧಿಕಾರಿಗಳನ್ನು ಜೈಲಿಗೆ ಹಾಕಿದಾಗ, ಅವರ ಪರವಾಗಿ ವಾಂಗ್ ಚಕ್ರವರ್ತಿಗೆ ಮನವಿ ಬರೆದ. ಸಿಕ್ಕಿದ್ದು ದೊಣ್ಣೆಯ ಏಟು, ಸೆರೆಮನೆ, ಆಮೇಲೆ ಗಡೀಪಾರು. ಗುಯಿಜೌ ಪ್ರಾಂತ್ಯದ ಬೆಟ್ಟಗಳ ನಡುವಿನ ಲಾಂಗ್‌ಚಾಂಗ್ ಎಂಬಲ್ಲಿ ಅಂಚೆ ಕುದುರೆಗಳ ಠಾಣೆಯೊಂದಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಅವನ ಪಾಲಿಗೆ ಬಂತು. 1508ರಲ್ಲಿ ಅಲ್ಲಿಗೆ ಮುಟ್ಟಿದ.

ಇರಲು ಮನೆಯಿರಲಿಲ್ಲ. ಮೊದಲು ಗುಡಿಸಲು, ಆಮೇಲೆ ಗವಿ. ಸುತ್ತ ಇದ್ದವರು ಗುಡ್ಡಗಾಡಿನ ಜನ, ಅವರ ಮಾತು ಇವನಿಗೆ ತಿಳಿಯದು. ಜೊತೆಗೆ ಬಂದ ಆಳುಗಳು ಕಾಯಿಲೆ ಬಿದ್ದರು. ರ‍್ಯಾಂಕ್ ವಿಜೇತನ ಮಗ ತಾನೇ ಸೌದೆ ಒಡೆದ, ನೀರು ಹೊತ್ತ, ಗಂಜಿ ಕಾಯಿಸಿ ಆಳುಗಳಿಗೆ ಕುಡಿಸಿದ, ಅವರ ಮನಸ್ಸು ಹಗುರಾಗಲೆಂದು ಊರ ಕಡೆಯ ಹಾಡು ಹಾಡಿದ. ದವಸ ಮುಗಿದಾಗ ಗುಡ್ಡದ ಜನರಿಂದ ಬೇಸಾಯ ಕಲಿತ. ಅವರು ಪೊದೆ ಸುಟ್ಟು ಬಿತ್ತುವ ರೀತಿಯನ್ನೇ ತಾನೂ ಅನುಸರಿಸಿದ. ಆ ದಿನಗಳ ಒಂದು ಕವಿತೆಯಲ್ಲಿ, ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ತೆನೆ ಹಕ್ಕಿಗಳಿಗಿರಲಿ, ಹೆಚ್ಚಾದ ಕಾಳು ಬಡವರಿಗೆ, ವಿಧವೆಯರಿಗೆ ಹೋಗಲಿ ಎಂದು ಯೋಚಿಸುತ್ತಾನೆ. ನಾಳೆಯ ಊಟಕ್ಕೇ ಗತಿಯಿಲ್ಲದವನು ಹಕ್ಕಿಯ ಪಾಲು ತೆಗೆದಿಡುತ್ತಿದ್ದ. ಪುಸ್ತಕದಲ್ಲಿ ನಾನು ಪೆನ್ಸಿಲ್ ಗೀಟು ಹಾಕಿದ್ದು ಇಲ್ಲಿ. ಲೈಬ್ರರಿಯವರು ಕ್ಷಮಿಸಬೇಕು.

ಲಿಯು ಜಿನ್ ಯಾವಾಗ ಕೊಲ್ಲಿಸುತ್ತಾನೋ ಎಂಬ ಭಯ ಇದ್ದೇ ಇತ್ತು. ಕಲ್ಲಿನ ಶವಪೆಟ್ಟಿಗೆಯೊಂದನ್ನು ಮಾಡಿಸಿ ಅದರ ಮುಂದೆ ಮೌನವಾಗಿ ಕೂರುತ್ತಿದ್ದ. ಜ್ಞಾನಿಯೊಬ್ಬ ಈ ಸ್ಥಿತಿಯಲ್ಲಿದ್ದರೆ ಏನು ಮಾಡುತ್ತಿದ್ದ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಒಂದು ನಡುರಾತ್ರಿ ಇದ್ದಕ್ಕಿದ್ದಂತೆ ಕೂಗುತ್ತ ಎದ್ದು ಕುಣಿದಾಡಿದ. ಆಳುಗಳು ಬೆಚ್ಚಿಬಿದ್ದರು. ಹೊರಗಿನ ವಸ್ತುಗಳೊಳಗೆ ತತ್ವವನ್ನು ಹುಡುಕಿದ್ದೇ ತಪ್ಪು, ಬೇಕಾದದ್ದು ತನ್ನ ಸ್ವಭಾವದೊಳಗೇ ಇದೆ ಎಂಬುದು ಆ ರಾತ್ರಿ ಅವನಿಗೆ ಹೊಳೆದದ್ದು. ಬಿದಿರಿನ ಮುಂದೆ ಕುಳಿತು ಜ್ವರ ಬರಿಸಿಕೊಂಡ ಹುಡುಗನಿಗೆ ಹದಿನೈದು ವರ್ಷದ ಮೇಲೆ ಸಿಕ್ಕ ಉತ್ತರ ಅದು.

ಹಾಗಾದರೆ ಅವನು ಪ್ರಕೃತಿಗೆ ಬೆನ್ನು ಹಾಕಿ ಕಣ್ಣು ಮುಚ್ಚಿ ಕುಳಿತನೇ? ಅದೇ ಲಾಂಗ್‌ಚಾಂಗ್‌ನಲ್ಲಿ, ಸ್ಥಳೀಯರು ಮರ ತಂದು ಅವನಿಗೊಂದು ಮನೆ ಕಟ್ಟಿಕೊಟ್ಟ ಮೇಲೆ, ಎದುರಿಗೆ ಸಣ್ಣ ಮಂಟಪ ಮಾಡಿ ಸುತ್ತ ಬಿದಿರು ನೆಟ್ಟ. ಒಳಗೆ ಟೊಳ್ಳಾಗಿ, ಗೆಣ್ಣಿದ್ದೂ ನೆಟ್ಟಗೆ ನಿಂತು, ಚಳಿಯಲ್ಲೂ ಹಸಿರು ಬಿಡದ ಬಿದಿರು ಸಜ್ಜನನ ಹಾಗೆ ಎಂದು ಅದಕ್ಕೆ ಸಜ್ಜನರ ಮಂಟಪ ಎಂದೇ ಹೆಸರಿಟ್ಟ. ಗುರುಗಳು ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಿದ್ದಾರೆ ಎಂದು ಶಿಷ್ಯರು ಭಾವಿಸಿದಾಗ, ಅಯ್ಯೋ, ತಾನಿನ್ನೂ ಅಲ್ಲಿಗೆ ಮುಟ್ಟಿಲ್ಲ ಎಂದ. ಹಿಂದೆ ಬಿದಿರು ಬಿಡಿಸಬೇಕಾದ ಒಗಟಾಗಿತ್ತು. ಈಗ ಜೊತೆಗೆ ನಿಂತ ಹಿರಿಯನಂತೆ ಕಂಡಿತು.

1509ರಲ್ಲಿ ಬೀಜಿಂಗ್ ಕಡೆಯಿಂದ ಬಂದ ಒಬ್ಬ ಸಣ್ಣ ಅಧಿಕಾರಿ, ಅವನ ಮಗ, ಆಳು ಮೂವರೂ ಆ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಹೆಸರೂ ಗೊತ್ತಿಲ್ಲದ ಆ ಮೂವರನ್ನು ವಾಂಗ್ ತನ್ನ ಹುಡುಗರೊಂದಿಗೆ ಹೋಗಿ ಬೆಟ್ಟದ ಬುಡದಲ್ಲಿ ಹೂಳಿದ. ಕೋಳಿ, ಅನ್ನ ಇಟ್ಟು ಕಣ್ಣೀರು ಹಾಕಿದ. ಅರಿವು ಮತ್ತು ನಡೆ ಬೇರೆಯಲ್ಲ ಎಂದು ಅವನು ಕಲಿಸತೊಡಗಿದ್ದೂ ಅದೇ ವರ್ಷ. ನೋವು ಏನೆಂದು ತಿಳಿಯುವುದು ನೊಂದಾಗ, ಹಸಿವು ತಿಳಿಯುವುದು ಹಸಿದಾಗ. ತಿಳಿದಿದೆ, ಆದರೆ ಮಾಡುತ್ತಿಲ್ಲ ಎನ್ನುವವನಿಗೆ ಇನ್ನೂ ತಿಳಿದೇ ಇಲ್ಲ ಎಂಬುದು ಅವನ ಪಟ್ಟು.

1510ರಲ್ಲಿ ಲಿಯು ಜಿನ್‌ಗೆ ಮರಣದಂಡನೆಯಾಯಿತು. ವಾಂಗ್‌ನ ಗಡೀಪಾರು ಮುಗಿದು ಅವನು ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ಮ್ಯಾಜಿಸ್ಟ್ರೇಟ್ ಆದ. ಅಲ್ಲಿಂದ ಏರುತ್ತಲೇ ಹೋದ. ದಂಗೆಕೋರರನ್ನು ಅಡಗಿಸಿದ, ಶಾಲೆ ತೆರೆಸಿದ, 1519ರಲ್ಲಿ ನಿಂಗ್ ರಾಜಕುಮಾರನ ಬಂಡಾಯವನ್ನು ಒಂದೂವರೆ ತಿಂಗಳೊಳಗೆ ಮುರಿದ. ಬಹುಮಾನಕ್ಕಿಂತ ಮೊದಲು ಬಂದದ್ದು ಚಾಡಿ ಮಾತು.

ಈ ಗದ್ದಲದ ನಡುವಿನ ಒಂದು ಸಣ್ಣ ಪ್ರಸಂಗ ನನಗೆ ಎಲ್ಲ ಯುದ್ಧಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಶುಎ ಕಾನ್ ಎಂಬ ಶಿಷ್ಯ ಹೂಗಿಡಗಳ ನಡುವೆ ಹುಲ್ಲು ಕೀಳುತ್ತಿದ್ದ. ಲೋಕದಲ್ಲಿ ಒಳ್ಳೆಯದನ್ನು ಬೆಳೆಸುವುದೂ ಕಷ್ಟ, ಕೆಟ್ಟದ್ದನ್ನು ಕೀಳುವುದೂ ಕಷ್ಟ, ಯಾಕೆ ಎಂದು ಗೊಣಗಿದ. ವಾಂಗ್ ಅವನನ್ನು ಅಲ್ಲೇ ಹಿಡಿದ. ಹೂವಿಗೂ ಹುಲ್ಲಿಗೂ ಜೀವ ಕೊಟ್ಟ ಶಕ್ತಿ ಒಂದೇ. ನಿನಗೆ ಹೂವು ನೋಡಬೇಕಾದ್ದರಿಂದ ಹುಲ್ಲು ಕೆಟ್ಟದ್ದಾಯಿತು. ನಾಳೆ ನಿನಗೆ ಹುಲ್ಲೇ ಬೇಕಾದರೆ ಅದು ಒಳ್ಳೆಯದಾಗುತ್ತದೆ. ಹಾಗಾದರೆ ಕೀಳುವುದೇ ಬೇಡವೇ ಎಂದರೆ, ಅಡ್ಡಿಯಾದರೆ ಕೀಳು, ಆದರೆ ಹುಲ್ಲಿನ ಮೇಲೆ ದ್ವೇಷ ಕಟ್ಟಿಕೊಳ್ಳಬೇಡ, ಒಂದಷ್ಟು ಉಳಿದುಹೋದರೆ ಕೊರಗಲೂ ಬೇಡ ಎಂಬುದು ಗುರುವಿನ ನಿಲುವು.

ನಮ್ಮಮ್ಮನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೋಲಾರದ ಕಡೆಯ ನಮ್ಮ ರಾಗಿ ಹೊಲದಲ್ಲಿ ಕಳೆ ಕೀಳಲು ಹೋದರೆ ಅಮ್ಮ ಕಿತ್ತದ್ದನ್ನೆಲ್ಲ ಬದುವಿಗೆ ಎಸೆಯುವುದಿಲ್ಲ. ಅಣ್ಣೆ ಸೊಪ್ಪು ಮತ್ತು ಇನ್ನೂ ನಾಲ್ಕೈದು ಬಗೆಯ ಎಲೆ ಮಡಿಲು ಸೇರುತ್ತವೆ. ಬೆಳಿಗ್ಗೆ ರಾಗಿಗೆ ಕಳೆಯಾಗಿದ್ದದ್ದು ರಾತ್ರಿ ಮುದ್ದೆಗೆ ಬೆರಕೆ ಸೊಪ್ಪಿನ ಸಾರು. ಇಷ್ಟು ವರ್ಷ ಅದನ್ನು ಉಂಡ ನಾನು, ಮನುಷ್ಯಕೇಂದ್ರಿತ ಮೌಲ್ಯ ಎಂಬ ಪದವನ್ನು ಕೋಚಿಂಗ್ ಕ್ಲಾಸಿನಲ್ಲಿ ಬರೆದುಕೊಂಡೆ.

1520ರ ದಶಕದಲ್ಲಿ ಕೆಲವು ವರ್ಷ ವಾಂಗ್ ಶಾವೊಶಿಂಗ್‌ನಲ್ಲಿ ಮನೆಯಲ್ಲೇ ಇದ್ದು ಪಾಠ ಹೇಳಿದ. 1527ರಲ್ಲಿ ಶಿಷ್ಯರು ಬರೆದುಕೊಂಡ ಒಂದು ಕಿರುಗ್ರಂಥದಲ್ಲಿ ಅವನ ಪರಿಸರದ ಯೋಚನೆ ಪೂರ್ತಿಯಾಗಿ ಸಿಗುತ್ತದೆ. ಪರಿಸರ ಎಂಬ ಮಾತೇನೂ ಅಲ್ಲಿಲ್ಲ. ಅವನು ಮೆನ್ಶಿಯಸ್‌ನ ಹಳೆಯ ಉದಾಹರಣೆಯಿಂದ ಹೊರಡುತ್ತಾನೆ. ಮಗುವೊಂದು ಬಾವಿಗೆ ಬೀಳುವುದರಲ್ಲಿದೆ, ನೋಡಿದ ಯಾರಿಗೇ ಆದರೂ ಎದೆ ಧಸಕ್ಕೆನ್ನುತ್ತದೆ. ಮಗು ನಮ್ಮ ಜಾತಿಯ ಜೀವ, ಅದಕ್ಕೇ ಹಾಗೆ ಎನ್ನುತ್ತೀರೇನು? ಸರಿ, ಸಾವಿನೆದುರು ನಡುಗುವ ಹಕ್ಕಿಯ, ಪ್ರಾಣಿಯ ಕೂಗು ಕೇಳಿದರೂ ತಡೆಯಲಾಗುವುದಿಲ್ಲವಲ್ಲ. ಅವಕ್ಕೂ ನಮ್ಮಂತೆ ನೋವು ತಿಳಿಯುತ್ತದೆ ಎನ್ನುತ್ತೀರಾ? ಮುರಿದುಬಿದ್ದ ಗಿಡ ಕಂಡರೂ ಮನಸ್ಸು ಮರುಗುತ್ತದೆ. ಗಿಡಕ್ಕೂ ಜೀವವಿದೆ ಎನ್ನುತ್ತೀರಾ? ಒಡೆದ ಹೆಂಚು, ಕಲ್ಲು ಕಂಡರೂ ಅಯ್ಯೋ ಅನ್ನಿಸುತ್ತದೆ. ಹೆಂಚಿಗೆ ಯಾವ ಜೀವ? ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಹೋಗಿ ಅವನು ನಿಲ್ಲುವುದು ಇಲ್ಲಿ: ಭೂಮಿ, ಆಕಾಶ ಮತ್ತು ಸಕಲ ವಸ್ತುಗಳು ನಿಮ್ಮದೇ ಮೈ. ಸಣ್ಣ ಮನುಷ್ಯನಿಗೂ ಈ ಹೃದಯವೇ ಇರುವುದು. ಆಸೆ ಅದನ್ನು ಕುಗ್ಗಿಸಿರುತ್ತದೆ, ಅಷ್ಟೇ. ಕಾಳು ನಮ್ಮನ್ನು ಪೋಷಿಸುವುದು, ಬೇರು ನಾರು ರೋಗ ವಾಸಿಮಾಡುವುದು ನಮ್ಮೆಲ್ಲರಲ್ಲಿ ಹರಿಯುವ ಉಸಿರು ಒಂದೇ ಆದ್ದರಿಂದ ಎಂದು ಬೇರೊಂದು ಕಡೆ ವಿವರಿಸುತ್ತಾನೆ. ಅಂದರೆ ಮರವನ್ನು ಉಳಿಸಬೇಕಾದದ್ದು ಅದು ಆಮ್ಲಜನಕ ಕೊಡುತ್ತದೆ ಎಂದಲ್ಲ, ಕಾನೂನು ಇದೆ ಎಂದೂ ಅಲ್ಲ. ಮರ ಉರುಳಿದಾಗ ಏನೂ ಅನ್ನಿಸದಿದ್ದರೆ ನಮ್ಮ ಮೈಯ ಒಂದು ಭಾಗ ಮರಗಟ್ಟಿದೆ ಎಂದರ್ಥ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಅದಕ್ಕೆ ಕಾರಣ ಹೇಳಿಬಿಡುತ್ತೇನೆ. ಎರಡು ತಿಂಗಳ ಹಿಂದೆ ಒಂದು ಮಾಕ್ ಟೆಸ್ಟ್‌ನಲ್ಲಿ ಪರಿಸರ ನೀತಿಯ ಬಗ್ಗೆ ನೂರೈವತ್ತು ಪದಗಳ ಪ್ರಶ್ನೆ ಇತ್ತು. ನಾವು ಓದಲು ಕೂರುವ ಕೊಠಡಿಯಲ್ಲೇ ಬರೆಯುತ್ತಿದ್ದೆ. ಹೊರಗೆ ಕಿಟಕಿಗೆ ತಾಗಿಕೊಂಡಿದ್ದ ಹೊಂಗೆ ಮರವನ್ನು ಅವತ್ತೇ ಕಡಿಯುತ್ತಿದ್ದರು. ಯಂತ್ರದ ಗರಗಸದ ಸದ್ದಿಗೆ ಏಕಾಗ್ರತೆ ಕೆಡುತ್ತದೆ ಎಂದು ನಾನು ಎದ್ದು ಕಿಟಕಿ ಹಾಕಿದೆ. ಉತ್ತರಕ್ಕೆ ಹತ್ತಕ್ಕೆ ಆರು ಅಂಕ ಬಂತು. ಆ ಬ್ಯಾಚಿನಲ್ಲಿ ಅದೇ ಹೆಚ್ಚು.

ವಾಂಗ್ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವನಲ್ಲ ಎಂಬುದನ್ನೂ ಹೇಳಬೇಕು. ಗಿಡವನ್ನೂ ಪ್ರಾಣಿಯನ್ನೂ ಪ್ರೀತಿಸುತ್ತೇವೆ, ಆದರೂ ಪ್ರಾಣಿಗೆ ಹುಲ್ಲು ಹಾಕುತ್ತೇವೆ. ಪ್ರಾಣಿಯನ್ನೂ ಮನುಷ್ಯನನ್ನೂ ಪ್ರೀತಿಸುತ್ತೇವೆ, ಆದರೂ ಹೆತ್ತವರಿಗೆ, ನೆಂಟರಿಗೆ ಮಾಂಸ ಬಡಿಸುತ್ತೇವೆ. ಒಂದೇ ಬಟ್ಟಲು ಅನ್ನವಿದ್ದು ಇಬ್ಬರು ಸಾಯುತ್ತಿದ್ದರೆ ಅಪರಿಚಿತನಿಗಿಂತ ಮೊದಲು ಅಪ್ಪನಿಗೆ ಕೊಡುತ್ತೇವೆ. ಅಪಾಯ ಬಂದಾಗ ಕೈ ತಲೆಯನ್ನು ಕಾಪಾಡಲು ಮುಂದೆ ಬರುವ ಹಾಗೆ ಇದು ಎನ್ನುತ್ತಾನೆ. ಕೈಯೂ ನಮ್ಮದೇ ಅಲ್ಲವೇ. ಈ ಮಾತನ್ನು ಒಪ್ಪದವರು ಇರಬಹುದು. ನನಗಂತೂ ಇದು ಹೊಲದಲ್ಲಿ ದುಡಿಯುವವರಿಗೆ ಅರ್ಥವಾಗುವ ನೀತಿ ಅನ್ನಿಸಿತು.

ನನಗೆ ಅರಗದ ಸಂಗತಿ ಬೇರೆಯದು. ಒಡೆದ ಹೆಂಚಿಗೆ ಮರುಗಬೇಕೆಂದು ಹೇಳಿಕೊಟ್ಟ ಮರುವರ್ಷವೇ ಅವನು ಗುವಾಂಗ್‌ಶಿಯಲ್ಲಿ ಸೇನೆ ನಡೆಸಿದ. ಒಂದು ಕಡೆಯ ದಂಗೆಯನ್ನು ಯುದ್ಧವಿಲ್ಲದೆ ಮಾತುಕತೆಯಲ್ಲೇ ಮುಗಿಸಿದ, ಅದು ನಿಜ. ಆದರೆ 1528ರಲ್ಲಿ ಅಲ್ಲಿನ ಕಣಿವೆಗಳ ಗುಡ್ಡಗಾಡು ಜನರ ಮೇಲೆ ನಡೆಸಿದ ದಾಳಿಯಲ್ಲಿ ಸಾವಿರಾರು ಜನ ಸತ್ತರು. ಲಾಂಗ್‌ಚಾಂಗ್‌ನಲ್ಲಿ ಅವನಿಗೆ ಮನೆ ಕಟ್ಟಿಕೊಟ್ಟವರೂ ಅಂಥದೇ ಜನ. ಶಿಷ್ಯರು ಬರೆದ ಚರಿತ್ರೆ ಇದನ್ನು ವಿಜಯವೆಂದು ಕೊಂಡಾಡುತ್ತದೆ. ಒಂದೇ ಮೈ ಎಂದವನ ಮೈಗೆ ಆ ನೋವು ಎಲ್ಲಿ ತಾಗಿತು ಎಂದು ನಾನು ಆ ಪುಟಗಳಲ್ಲಿ ಹುಡುಕಿದೆ.

ಅಷ್ಟರಲ್ಲಿ ಅವನ ಶ್ವಾಸಕೋಶ ಪೂರ್ತಿ ಕೆಟ್ಟಿತ್ತು. ಅಪ್ಪಣೆಗೆ ಕಾಯದೆ ಊರಿಗೆ ಹೊರಟ. 1529ರ ಜನವರಿಯಲ್ಲಿ ಜಿಯಾಂಗ್‌ಶಿಯ ನಾನಾನ್ ಬಳಿ, ದೋಣಿಯಲ್ಲೇ ಪ್ರಾಣ ಬಿಟ್ಟ. ವಯಸ್ಸು ಐವತ್ತಾರು. ಸತ್ತ ಮೇಲೆ ಆಸ್ಥಾನ ಅವನ ಬೋಧನೆಯನ್ನು ಸುಳ್ಳು ವಿದ್ಯೆ ಎಂದು ನಿಷೇಧಿಸಿತು. 1584ರಲ್ಲಿ ಅದೇ ಆಸ್ಥಾನ ಕನ್‌ಫ್ಯೂಷಿಯಸ್ ದೇವಾಲಯದಲ್ಲಿ ಅವನಿಗೆ ಜಾಗ ಕೊಟ್ಟಿತು.

ಮೊನ್ನೆ ಇನ್ನೊಂದು ಮಾಕ್ ಟೆಸ್ಟ್‌ನಲ್ಲಿ ಹೆಚ್ಚುಕಡಿಮೆ ಅದೇ ಪ್ರಶ್ನೆ ಬಂತು. ಈ ಸಲ ಹುಲ್ಲು ಕೀಳುವ ಶಿಷ್ಯ, ಅಮ್ಮನ ಮಡಿಲಿನ ಸೊಪ್ಪು, ಒಡೆದ ಹೆಂಚು ಎಲ್ಲ ಬರೆದೆ. ಪದಮಿತಿ ಮೀರಿತು. ಸುಸ್ಥಿರ ಅಭಿವೃದ್ಧಿ ಎಂಬ ಪದವನ್ನೇ ಬಳಸಿಲ್ಲ ಎಂದು ಕೆಂಪು ಶಾಯಿಯಲ್ಲಿ ಷರಾ ಹಾಕಿ ಮೂರೂವರೆ ಕೊಟ್ಟಿದ್ದಾರೆ. ಓದುವ ಕೊಠಡಿಯ ಆ ಕಿಟಕಿಯನ್ನು ಈಗ ನಾನು ಮುಚ್ಚುವುದಿಲ್ಲ. ಹೊಂಗೆ ಇದ್ದ ಜಾಗದಲ್ಲಿ ಬೈಕ್‌ಗಳು ನಿಲ್ಲುತ್ತವೆ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಬಿಸಿಲು ನೇರವಾಗಿ ನನ್ನ ಮೇಜಿನ ಮೇಲೆ ಬೀಳುತ್ತದೆ.